ಬೆಲ್ಟಕ್ಕನ ಎಡಗಡೆ

ಬೆಲ್ಟಕ್ಕನನ್ನು ಎರಡು ಕಡೆ ಕಾಣಬಹುದು. ಹಗಲಿನಲ್ಲಿ ಕೆಳಗಿನ ಆಲ್ಟರೇಷನ್ ಅಂಗಡಿಯಲ್ಲಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ ಕುಳಿತಿರುತ್ತಾರೆ. ಸಂಜೆ ಅದೇ ಕಟ್ಟಡದ ಮಹಡಿಯ ಬಾಡಿಗೆ ಹಾಲ್‌ನಲ್ಲಿ ಬಿಳಿ ಉಡುಪಿನ ಮೇಲೆ ಕಪ್ಪು ಬೆಲ್ಟು ಬಿಗಿದು ಮಕ್ಕಳ ಎದುರು ನಿಂತಿರುತ್ತಾರೆ. ಕರಾಟೆಗೆ ಹೊಸದಾಗಿ ಸೇರಿದ ಮಕ್ಕಳ ಬೆಲ್ಟು ಯಾವಾಗಲೂ ಮೊಣಕಾಲಿನವರೆಗೆ ಜೋಲುತ್ತದೆ. ಅದನ್ನು ಕತ್ತರಿಸಿ, ತುದಿ ಮಡಚಿ ಹೊಲಿದುಕೊಡುವುದೂ ಅವರೇ. ಯಾವುದೋ ಪುಟಾಣಿ ಇಟ್ಟ ಹೆಸರು ಬೀದಿಗೆಲ್ಲ ಅಂಟಿಕೊಂಡಿತು. ಈಗ ಅವರ ಅತ್ತೆಯೇ ಅಂಗಡಿಗೆ ಬಂದವರಿಗೆ, "ಬೆಲ್ಟಕ್ಕ ಮೇಲಿದ್ದಾಳೆ, ಕೂತಿರಿ, ಬರ್ತಾಳೆ" ಎನ್ನುತ್ತಾರೆ.

ನಾನು ಬೆನ್ನುನೋವಿಗೆ ಮಾತ್ರೆ ನುಂಗಿ ಸಾಕಾಗಿ ಅವರ ದೊಡ್ಡವರ ತರಗತಿಗೆ ಸೇರಿದವನು. ಮೊದಲ ವಾರದಲ್ಲೇ ಒಬ್ಬರೊಡನೊಬ್ಬರು ಹೊಡೆದಾಡುತ್ತೇವೆ ಎಂದುಕೊಂಡಿದ್ದೆ. ಆದರೆ ತಿಂಗಳುಗಟ್ಟಲೆ ಕಲಿಸಿದ್ದು ಕಟಾ. ಕಟಾ ಎಂದರೆ ಒಬ್ಬರೇ ಮಾಡುವ ಕಾಳಗ. ಎದುರಾಳಿ ಇರುವುದಿಲ್ಲ, ಆದರೆ ಅವನು ಯಾವ ಕಡೆಯಿಂದ ಬರುತ್ತಾನೆ, ಎಲ್ಲಿಗೆ ಗುದ್ದುತ್ತಾನೆ ಎಂಬುದೆಲ್ಲ ಮೊದಲೇ ಗೊತ್ತುಮಾಡಿದ್ದು. ಅದಕ್ಕೆ ತಕ್ಕಂತೆ ತಡೆಯಬೇಕು, ತಿರುಗಬೇಕು, ಗುದ್ದಬೇಕು. ಸರಿಯಾಗಿ ಮಾಡಿದರೆ ಹೊರಟ ಜಾಗಕ್ಕೇ ವಾಪಸು ಬಂದು ನಿಲ್ಲುತ್ತೇವೆ. ಇದನ್ನು ವರ್ಷಗಟ್ಟಲೆ ಮಾಡಿದರೆ ತಲೆ ಯೋಚಿಸುವ ಮೊದಲೇ ಕೈ ಏಳುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಬೆಲ್ಟಕ್ಕನ ಅತ್ತೆಗೆ ಈ ನಂಬಿಕೆ ಇರಲಿಲ್ಲ. "ಗಾಳಿಗೆ ಗುದ್ದೋಕೆ ಇಷ್ಟು ಬೆವರು ಸುರಿಸ್ಬೇಕಾ? ಅದೇ ಕೈಯಲ್ಲಿ ನನ್ನ ಹಾಸಿಗೆ ಬಡಿದಿದ್ರೆ ಧೂಳಾದ್ರೂ ಹೋಗ್ತಿತ್ತು" ಎನ್ನುತ್ತಿದ್ದರು. ಆದರೂ ಸಂಜೆ ಮಹಡಿಗೆ ಬಂದು, ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮಕ್ಕಳ ಚಪ್ಪಲಿ ಕಾಯುವುದನ್ನು ಬಿಟ್ಟವರಲ್ಲ.

ಆ ವರ್ಷ ಕರಾಟೆ ಸಂಘದವರು ಹೊಸ ನಿಯಮ ತಂದರು. ತರಗತಿ ನಡೆಸುವವರು ಕಪ್ಪು ಬೆಲ್ಟಿನಲ್ಲಿ ಎರಡನೆಯ ದರ್ಜೆ ಪಡೆದಿರಲೇಬೇಕು. ಬೆಲ್ಟಕ್ಕ ಒಂದನೆಯ ದರ್ಜೆಗೇ ನಿಂತವರು. ಮದುವೆ, ಮಗಳು, ಅಂಗಡಿ ಎನ್ನುತ್ತ ಮುಂದಿನ ಪರೀಕ್ಷೆ ಹಾಗೇ ಉಳಿದಿತ್ತು. ಮುಂದಿನ ತಿಂಗಳ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅವರು ಕಲಿಸಿದ ಮಕ್ಕಳಿಗೆ ಸಂಘ ಬೆಲ್ಟು ಕೊಡುವುದಿಲ್ಲ. ಬೆಲ್ಟು ಸಿಗದ ತರಗತಿಗೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಬಸ್ ನಿಲ್ದಾಣದ ಹತ್ತಿರ ಜಿಮ್ ನಡೆಸುತ್ತಿದ್ದವನು ಒಂದು ದಿನ ಪ್ಯಾಂಟು ಸಡಿಲ ಮಾಡಿಸುವ ನೆಪದಲ್ಲಿ ಬಂದು, "ಅಕ್ಕಾ, ಮೇಲಿನ ಹಾಲ್‌ನಲ್ಲಿ ಎಷ್ಟು ಕಿಟಕಿ ಇವೆ? ಗಾಳಿ ಚೆನ್ನಾಗಿ ಬರುತ್ತಾ?" ಎಂದು ಕೇಳಿಹೋದ. ಬೆಲ್ಟಕ್ಕ ಪಿನ್ನು ಬಾಯಲ್ಲಿದ್ದುದರಿಂದ ಉತ್ತರ ಕೊಡಲಿಲ್ಲ.

ಪರೀಕ್ಷೆಗೆ ಅವರನ್ನು ತಯಾರು ಮಾಡಲು ದೊಡ್ಡ ಮೇಷ್ಟ್ರು ಬಂದರು. ಬೆಲ್ಟಕ್ಕ ಲಂಗ ತೊಡುವ ವಯಸ್ಸಿನಿಂದ ಕಲಿತದ್ದು ಇವರ ಹತ್ತಿರವೇ. ಮಂಡಿ ಕೆಟ್ಟ ಮೇಲೆ ತರಗತಿಯನ್ನು ಬೆಲ್ಟಕ್ಕನಿಗೆ ಒಪ್ಪಿಸಿ ಮನೆಯಲ್ಲಿ ಕೂತವರು. ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ಬಿಟ್ಟು ಮೇಲೆ ಬಂದರು. ನಾವು ನಾಲ್ಕೈದು ಜನ ಗೋಡೆಗೆ ಒರಗಿ ಕುಳಿತೆವು.

ಬೆಲ್ಟಕ್ಕ ಮೊದಲು ದೊಡ್ಡ ಕಟಾ ಮಾಡಿದರು. ಕಪ್ಪು ಬೆಲ್ಟಿನವರು ಮಾತ್ರ ಮಾಡುವಂಥದ್ದು. ಮೇಷ್ಟ್ರು ತಲೆಯಾಡಿಸಿದರು. "ಕೊನೇಲಿ ತಿರುಗೋವಾಗ ಹಿಮ್ಮಡಿ ಏಳ್ತಿದೆ, ನೋಡ್ಕೋ. ಇನ್ನು ಮೊದಲ್ನೇ ಕಟಾ ಒಂದ್ಸಲ ಮಾಡ್ಬಿಡು, ನಾನು ಹೊರಡ್ತೀನಿ."

"ಅದು ಮಕ್ಕಳದ್ದಲ್ವಾ ಮೇಷ್ಟ್ರೇ?"

"ಮಕ್ಕಳದ್ದನ್ನೇ ಕೇಳೋದು ಅವ್ರು. ಬುಡ ಗಟ್ಟಿ ಇದ್ಯಾ ಅಂತ ನೋಡೋಕೆ."

ಬೆಲ್ಟಕ್ಕ ನಕ್ಕು, ನಮಸ್ಕರಿಸಿ, ಶುರು ಮಾಡಿದರು. ದಿನಾ ಸಂಜೆ ಮಾಡುವ ಕಟಾ. ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತಿದ್ದರು. ಮುಗಿಸಿ, ಹೊರಟ ಜಾಗದಲ್ಲೇ ಬಂದು ನಿಂತರು. ಈ ಸಲ ಮೇಷ್ಟ್ರು ತಲೆಯಾಡಿಸಲಿಲ್ಲ.

"ಸರಿಯಾಗ್ಲಿಲ್ವಾ?"

"ಯಾವ ಕಡೆಯಿಂದ ಶುರು ಮಾಡ್ದೆ?"

"ಎಡಗಡೆಯಿಂದ."

"ನೀನು ಬಾಗಿಲ ಕಡೆ ತಿರುಗ್ದೆ ಕಣಮ್ಮ. ಬಾಗಿಲು ನಿನಗೆ ಎಡಕ್ಕಿದ್ಯಾ?"

ಬೆಲ್ಟಕ್ಕ ಬಾಗಿಲನ್ನು ನೋಡಿದರು. ಅದು ಅವರ ಬಲಕ್ಕಿತ್ತು. ಅವರ ಮುಖದ ಬಣ್ಣ ಇಳಿದದ್ದು ನಮಗೆಲ್ಲ ಕಂಡಿತು. ಇನ್ನೊಮ್ಮೆ ಮಾಡಿದರು. ಎಡಕ್ಕೆ, ಎಡಕ್ಕೆ ಎಂದು ತುಟಿಯಲ್ಲೇ ಹೇಳಿಕೊಂಡು ಎಡಕ್ಕೆ ತಿರುಗಿದರು. ಆದರೆ ಮುಂದಿನ ತಿರುವಿಗೆ ಬರುವಷ್ಟರಲ್ಲಿ ದೇಹ ತನ್ನ ಹಳೆಯ ದಾರಿ ಹಿಡಿದಿತ್ತು. ಎರಡು ದಾರಿ ಬೆರೆತು, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಆದದ್ದು ಇಷ್ಟು. ಮೇಷ್ಟ್ರ ಕಾಲದಲ್ಲಿ ಅವರು ಮಕ್ಕಳಿಗೆ ಬೆನ್ನು ಮಾಡಿ ಮುಂದೆ ನಿಂತು ಮಾಡಿ ತೋರಿಸುತ್ತಿದ್ದರು, ಹಿಂದೆ ನಿಂತು ಮಕ್ಕಳನ್ನು ನೋಡಿಕೊಳ್ಳಲು ಬೆಲ್ಟಕ್ಕ ಇದ್ದರು. ಬೆಲ್ಟಕ್ಕನಿಗೆ ಅಂಥ ಸಹಾಯ ಇರಲಿಲ್ಲ. ಅವರು ಮಕ್ಕಳಿಗೆ ಎದುರಾಗಿ ನಿಂತರು. ಎದುರು ನಿಂತು ಎಡಕ್ಕೆ ತಿರುಗಿದರೆ ನೋಡಿ ಕಲಿಯುವ ಮಕ್ಕಳು ಬಲಕ್ಕೆ ಹೋಗುತ್ತವೆ. ಅದಕ್ಕೇ ತಾವು ಬಲಕ್ಕೆ ತಿರುಗಿ, ಕನ್ನಡಿಯೊಳಗಿನ ಬಿಂಬದಂತೆ, ಇಡೀ ಕಟಾವನ್ನು ತಿರುಗುಮುರುಗಾಗಿ ಮಾಡಿ ತೋರಿಸುತ್ತಿದ್ದರು. ಮಕ್ಕಳು ಸರಿಯಾಗಿ ಕಲಿತವು. ವರ್ಷಗಳು ಕಳೆದಂತೆ ತಪ್ಪು ಕಲಿತದ್ದು ಅವರ ದೇಹ.

"ದಿನಾ ಬೆಳಿಗ್ಗೆ ಸರಿ ದಿಕ್ಕಿಗೆ ಮಾಡು. ಹೋಗುತ್ತೆ" ಎಂದರು ಮೇಷ್ಟ್ರು. ಆದರೆ ಅವರ ದನಿಯಲ್ಲಿ ಧೈರ್ಯವಿರಲಿಲ್ಲ.

ಬೆಲ್ಟಕ್ಕ ಬೆಳಗಾಗುತ್ತಲೇ ಎದ್ದು ಮಾಡತೊಡಗಿದರು. ಬೆಳಿಗ್ಗೆ ಕಷ್ಟಪಟ್ಟು ಎಡಕ್ಕೆ ಕೂರಿಸಿದ್ದನ್ನು ಸಂಜೆ ಮಕ್ಕಳ ಎದುರು ತಾವೇ ಕೀಳುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮಗಳು ಕಾಲೇಜಿಗೆ ಹೊರಡುವಾಗ, "ಅಮ್ಮ, ಎಡಗೈಗೆ ಟೇಪ್ ಸುತ್ಕೋ" ಎಂದಳು. ಸುತ್ತಿಕೊಂಡರು. ಈಗ ಪ್ರತಿ ತಿರುವಿಗೂ ಕೈ ನೋಡಿಕೊಳ್ಳುವ ಅಭ್ಯಾಸವಾಯಿತು. ನೋಡಿಕೊಳ್ಳುವಷ್ಟರಲ್ಲಿ ಎದುರಾಳಿ ಗುದ್ದಿ ಹೋಗಿರುತ್ತಾನೆ. ಟೇಪ್ ಕಿತ್ತೆಸೆದರು.

ದಿಗಿಲು ಮಹಡಿಯಿಂದ ಅಂಗಡಿಗೂ ಇಳಿಯಿತು. ಒಬ್ಬ ಲೈನ್‌ಮನ್ ಬರುತ್ತಿದ್ದ. ಕಂಬದಿಂದ ಬಿದ್ದು ಬಲಗಾಲು ಅರ್ಧ ಇಂಚು ಗಿಡ್ಡವಾದವನು. ಅವನ ಪ್ಯಾಂಟುಗಳನ್ನೆಲ್ಲ ಬೆಲ್ಟಕ್ಕನೇ ಸರಿಮಾಡುತ್ತಿದ್ದರು. ಆ ವಾರ ಎಡಗಾಲನ್ನು ಗಿಡ್ಡ ಮಾಡಿ ಕೊಟ್ಟುಬಿಟ್ಟರು. ಅವನು ಅದನ್ನು ತೊಟ್ಟುಕೊಂಡೇ ಅಂಗಡಿ ಬಾಗಿಲಲ್ಲಿ ನಿಂತ.

"ಏನಕ್ಕಾ, ಈ ಪ್ಯಾಂಟಿಗೋಸ್ಕರ ಇನ್ನೊಂದು ಕಾಲನ್ನೂ ಮುರ್ಕೊಂಡು ಬರ್ಬೇಕಾ?"

ಎಲ್ಲರೂ ನಕ್ಕರು. ಬೆಲ್ಟಕ್ಕನಿಗೆ ನಗು ಬರಲಿಲ್ಲ. ಗಂಡ ಸಿಲಿಂಡರ್ ಗಾಡಿ ಓಡಿಸುವವರು, ಮಾತು ಕಡಿಮೆ. ಅವರು ಊಟ ಮಾಡುತ್ತ, "ಹಾಲ್ ಹೋದ್ರೆ ಹೋಗ್ಲಿ ಬಿಡು. ಅಂಗಡಿ ಇದ್ಯಲ್ಲ" ಎಂದರಂತೆ. ಬೆಲ್ಟಕ್ಕ ತಟ್ಟೆ ಬಿಟ್ಟು ಎದ್ದುಹೋದರಂತೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ ಅದು. ಆದರೆ ಬೆಲ್ಟಕ್ಕ ಹಗಲೆಲ್ಲ ಬೇರೆಯವರ ಅಳತೆಗೆ ಬಗ್ಗಿ ಕುಳಿತು, ಸಂಜೆ ಒಂದು ಹೊತ್ತು ಮಾತ್ರ ಬೆನ್ನು ನೆಟ್ಟಗೆ ಮಾಡಿ ನಿಲ್ಲುವವರು ಎಂಬುದು ಗಂಡನಿಗೆ ಹೊಳೆದಿರಲಿಲ್ಲ.

ಕೊನೆಗೆ ಅವರು ಮಕ್ಕಳಿಗೆ ಬೆನ್ನು ಮಾಡಿ ನಿಂತು ಕಲಿಸಲು ನೋಡಿದರು. ಎರಡು ಸಂಜೆ ನಡೆಯಿತು. ಹಿಂದೆ ಏನಾಗುತ್ತಿದೆಯೋ ಎಂದು ಅವರ ಕುತ್ತಿಗೆ ಬಿಗಿದುಕೊಂಡೇ ಇರುತ್ತಿತ್ತು. ಮೂರನೆಯ ಸಂಜೆ ಗುಂಡ ಎನ್ನುವ ದಪ್ಪ ಹುಡುಗ ಪಕ್ಕದವಳನ್ನು ನಗಿಸಲು ಹೋಗಿ ಮೊಣಕೈಯಿಂದ ಅವಳ ತುಟಿ ಒಡೆದ. ಬೆಲ್ಟಕ್ಕ ತಿರುಗಿ ನೋಡುವಷ್ಟರಲ್ಲಿ ಬಿಳಿ ಉಡುಪಿನ ಮೇಲೆ ರಕ್ತ. ಅವಳ ತಾಯಿ ಬಂದು, "ಬೆನ್ನು ತಿರುಗಿಸ್ಕೊಂಡು ಯಾರಾದ್ರೂ ಮಕ್ಕಳಿಗೆ ಹೇಳಿಕೊಡ್ತಾರಾ? ನಿಮ್ಮ ಪರೀಕ್ಷೆಗೆ ನಮ್ಮ ಮಕ್ಕಳು ಹಲ್ಲು ಉದುರಿಸ್ಕೋಬೇಕಾ?" ಎಂದು ಕೇಳಿದರು.

ಬೆಲ್ಟಕ್ಕ, "ತಪ್ಪು ನಂದೇ" ಎಂದರು. ಮರುದಿನ ಮತ್ತೆ ಮಕ್ಕಳಿಗೆ ಎದುರಾಗಿ ನಿಂತರು. ಮತ್ತೆ ಬಲಕ್ಕೆ ತಿರುಗಿದರು.

ಪರೀಕ್ಷೆಗೆ ಒಂದು ವಾರ ಉಳಿದಾಗ ಮೇಷ್ಟ್ರು ಪುನಃ ಮೆಟ್ಟಿಲು ಹತ್ತಿ ಬಂದರು. ಕಟಾ ಮಾಡು ಎನ್ನಲಿಲ್ಲ. ಕುರ್ಚಿ ಎಳೆದು ಕುಳಿತು ಕೇಳಿದರು.

"ಮೊದಲ್ನೇ ತಡೆ ಇದ್ಯಲ್ಲ, ಯಾರನ್ನ ತಡೀತೀಯ?"

"ಎಡಗಡೆಯಿಂದ ಬರೋನನ್ನ."

"ಯಾರವನು? ಎಷ್ಟೆತ್ತರ? ಗುದ್ದುತ್ತಾನಾ, ಒದೀತಾನಾ?"

ಬೆಲ್ಟಕ್ಕ ತಮ್ಮ ಎಡಕ್ಕಿದ್ದ ಕಿಟಕಿಯತ್ತ ನೋಡಿದರು.

"ನಿನ್ನ ಕಟಾದಲ್ಲಿ ಯಾರೂ ಇಲ್ಲ ಕಣೇ. ಖಾಲಿ ಮನೆ. ಇಷ್ಟು ವರ್ಷ ನೀನು ಆ ಕಡೆ ತಿರುಗಿದ್ದು, ಗುಂಡ ಕಾಲು ಸರಿಯಾಗಿ ಇಟ್ನಾ ಅಂತ ನೋಡೋಕೆ. ಹೊಡೆಯೋಕೆ ಬಂದೋನು ಒಬ್ಬ ಇದ್ದಿದ್ರೆ ದಿಕ್ಕು ಮರೀತಿರ್ಲಿಲ್ಲ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಯಾವ ಕಡೆಯಿಂದ ಬಂತು ಅಂತ ಯಾರಾದ್ರೂ ಕೈಗೆ ಟೇಪ್ ಸುತ್ತಿ ನೋಡ್ತಾರಾ?"

"ನನಗೆ ಹೊಡೆಯೋಕೆ ಬರೋಷ್ಟು ಹಗೆ ಯಾರಿದಾರೆ ಮೇಷ್ಟ್ರೇ?" ಎಂದರು ಬೆಲ್ಟಕ್ಕ.

ಬಾಗಿಲ ಬಳಿಯ ಅತ್ತೆ ಕುರ್ಚಿಯಿಂದ ಎದ್ದರು. "ಎಡಗಡೆ ಅಂದ್ರೆ ಯಾವ ಜಾಗ ತೋರ್ಸಿ. ನಾನು ನಿಂತ್ಕೋತೀನಿ" ಎಂದರು. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಕಿಟಕಿಯ ಕಡೆ ಹೋಗಿ ನಿಂತೇಬಿಟ್ಟರು. "ಬಾರೇ. ಇಪ್ಪತ್ತು ವರ್ಷದ್ದು ಎಲ್ಲಾ ಸೇರಿಸಿ ತೀರಿಸ್ಕೋ."

ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಅಲ್ಲೇ ಇದ್ದ ಮಗಳು ಇನ್ನೊಂದು ಪಕ್ಕಕ್ಕೆ, ನಾನು ಹಿಂದಕ್ಕೆ, ನನ್ನ ತರಗತಿಯ ಇಬ್ಬರು ಉಳಿದ ಮೂಲೆಗಳಿಗೆ ನಿಂತೆವು. ಮೇಷ್ಟ್ರು ಹೇಳಿದ ಸರದಿಯಲ್ಲಿ ನಾವು ಒಬ್ಬೊಬ್ಬರಾಗಿ ಬೆಲ್ಟಕ್ಕನ ಮೇಲೆ ಹೋಗಬೇಕು, ಅವರು ಕಟಾದಲ್ಲಿ ಇರುವಂತೆಯೇ ನಮ್ಮನ್ನು ಎದುರಿಸಬೇಕು. ಅತ್ತೆ ಕೊಡೆ ಎತ್ತಿದಾಗ ಬೆಲ್ಟಕ್ಕ ಎಡಕ್ಕೆ ತಿರುಗಿದರು. ಯೋಚಿಸಿ ತಿರುಗಿದ್ದಲ್ಲ. ಕೊಡೆ ಕೆಳಗೆ ಬಿತ್ತು. ಸರದಿ ಬಂದಾಗ ನನ್ನ ಗುದ್ದನ್ನು ಅವರ ಮುಂಗೈ ತಡೆದ ರಭಸಕ್ಕೆ ನನ್ನ ಕೈ ಎರಡು ದಿನ ಊದಿಕೊಂಡಿತ್ತು. ಕಟಾ ಯಾಕೆ ಎಂದು ಮೊದಲ ಸಲ ಅರ್ಥವಾದದ್ದು ನನಗೆ ಆ ನೋವಿನಲ್ಲಿ. ನಾವು ನರ್ತನದಂತೆ ನೋಡುತ್ತಿದ್ದ ಒಂದೊಂದು ಅಲುಗಾಟಕ್ಕೂ ಒಬ್ಬೊಬ್ಬ ಮನುಷ್ಯನಿದ್ದ.

ವಾರವಿಡೀ ಹೀಗೇ ನಿಂತೆವು. ಕೊನೆಯ ದಿನ ಮೇಷ್ಟ್ರು ನಮ್ಮನ್ನೆಲ್ಲ ಹೊರಗೆ ಕಳಿಸಿ, ಖಾಲಿ ಹಾಲ್‌ನಲ್ಲಿ ಮಾಡಿಸಿದರು. ಬೆಲ್ಟಕ್ಕ ಎಡಕ್ಕೇ ತಿರುಗಿದರಂತೆ. ಆದರೂ ಕೆಳಗಿಳಿದು ಬಂದಾಗ ಅವರ ಮುಖದಲ್ಲಿ ನೆಮ್ಮದಿಯಿರಲಿಲ್ಲ. "ಇಲ್ಲಿ ಬರುತ್ತೆ. ಅಲ್ಲಿ ಏನಾಗುತ್ತೋ" ಎಂದರು.

ಪರೀಕ್ಷೆ ನಡೆದದ್ದು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ನುಣ್ಣನೆಯ ಮರದ ನೆಲ, ಮೇಲೆ ಜನ ಕೂರಲು ಮೆಟ್ಟಿಲು. ನಾನು, ಮಗಳು, ಅತ್ತೆ ಅಲ್ಲಿ ಕುಳಿತೆವು. ಮೇಷ್ಟ್ರಿಗೆ ಅಷ್ಟು ದೂರ ಬರಲಾಗಲಿಲ್ಲ. ಬೆಲ್ಟಕ್ಕನಿಗಿಂತ ಮೊದಲು ಬಂದವರೆಲ್ಲ ಅವರ ಅರ್ಧ ವಯಸ್ಸಿನವರು. ಒಬ್ಬ ಮುಗಿಸಿ ಓಡಿಹೋದ ಮೇಲೆ ಇವರನ್ನು ಕರೆದರು. ಮೇಜಿನ ಹಿಂದೆ ಮೂವರು ಪರೀಕ್ಷಕರು. ದೊಡ್ಡ ಕಟಾ ಚೆನ್ನಾಗಿ ಆಯಿತು. ಹಿಮ್ಮಡಿ ಏಳಲಿಲ್ಲ.

"ಮೊದಲ್ನೇ ಕಟಾ" ಎಂದರು ನಡುವೆ ಕುಳಿತಿದ್ದ ಹಿರಿಯ ಪರೀಕ್ಷಕರು.

ಬೆಲ್ಟಕ್ಕ ನಮಸ್ಕರಿಸಿದರು. ನಿಂತರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನಿಂತರು. ಮಗಳು ನನ್ನ ತೋಳು ಹಿಡಿದುಕೊಂಡಳು. ಬೆಲ್ಟಕ್ಕ ಬಲಕ್ಕೆ ತಿರುಗಿದರು.

"ಅಯ್ಯೋ ಅಮ್ಮ" ಎಂದು ಮಗಳು ಉಸಿರಲ್ಲೇ ಅಂದಳು. ಅತ್ತೆ ಕಣ್ಣು ಮುಚ್ಚಿಕೊಂಡರು.

ಈಗ ನಿಂತುಬಿಡುತ್ತಾರೆ, ಇಲ್ಲವೇ ನಡುವೆ ಸರಿಮಾಡಲು ಹೋಗಿ ಗೋಡೆಗೆ ಮುಖ ಮಾಡುತ್ತಾರೆ ಎಂದು ನಾನು ಕಾದೆ. ಅವರು ನಿಲ್ಲಲಿಲ್ಲ. ಬಲಗಡೆಯವನನ್ನು ತಡೆದರು, ಗುದ್ದಿದರು, ತಿರುಗಿ ಎಡಗಡೆಯವನನ್ನು ಎದುರಿಸಿದರು. ಮೊದಲಿನಿಂದ ಕೊನೆಯವರೆಗೂ ತಿರುಗುಮುರುಗಾಗಿ, ಒಂದು ಹೆಜ್ಜೆಯೂ ತಪ್ಪದೆ ಮಾಡಿ, ಹೊರಟ ಜಾಗದಲ್ಲೇ ಬಂದು ನಿಂತರು.

ಪರೀಕ್ಷಕರು ತಮ್ಮ ತಮ್ಮೊಳಗೆ ಮಾತಾಡಿಕೊಂಡರು. ಹಿರಿಯರು ಕೇಳಿದರು.

"ಪೂರ್ತಿ ಉಲ್ಟಾ ಮಾಡಿದ್ರಿ. ಗೊತ್ತಾ?"

"ಗೊತ್ತು ಸರ್."

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ತಿರುವಿಗೇ."

"ಮತ್ಯಾಕೆ ನಿಲ್ಲಿಸ್ಲಿಲ್ಲ?"

"ಬಂದೋನು ಬಂದ್ಬಿಟ್ಟಿದ್ದ ಸರ್. ತಪ್ಪು ಕಡೆಯಿಂದ ಬಂದೆ, ಆ ಕಡೆ ಹೋಗಪ್ಪ ಅನ್ನೋಕಾಗುತ್ತಾ?"

ಪಕ್ಕದ ಪರೀಕ್ಷಕ ಬಾಯಿಗೆ ಕೈ ಅಡ್ಡ ಹಿಡಿದ. ಹಿರಿಯರು ನಗಲಿಲ್ಲ. "ಉತ್ತರ ಚೆನ್ನಾಗಿದೆ. ಉತ್ತರಕ್ಕೆ ಅಂಕ ಇಲ್ಲ. ಊಟ ಆದ್ಮೇಲೆ ಬನ್ನಿ. ಇನ್ನೊಂದೇ ಸಲ ನೋಡ್ತೀವಿ. ಸರಿ ದಿಕ್ಕಿಗೆ."

ಆ ಊಟದ ಹೊತ್ತು ಮುಗಿಯುವುದೇ ಇಲ್ಲ ಎನಿಸಿತು. ಬೆಲ್ಟಕ್ಕ ಡಬ್ಬಿ ತೆರೆಯಲಿಲ್ಲ. ಹೊರಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಕಟ್ಟೆಯ ಮೇಲೆ ಕುಳಿತರು.

"ಒಂದ್ಸಲ ಮಾಡಿ ನೋಡಮ್ಮ. ನಾವು ಸುತ್ತ ನಿಂತ್ಕೋತೀವಿ" ಎಂದಳು ಮಗಳು.

"ಬೇಡ. ನೀವು ನಿಂತ್ರೆ ಬರುತ್ತೆ. ಅಲ್ಲಿ ನೀವಿರಲ್ಲ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ತಾವೇ ಹೇಳಿದರು. "ಆ ಮೂರು ಜನ ಎದುರಿಗೆ ಸಾಲಾಗಿ ಕೂತಿದ್ರಲ್ಲ. ಒಬ್ರು ಪೆನ್ನು ಕಚ್ತಾ ಇದ್ರು, ಒಬ್ರು ಕಾಲು ಅಲ್ಲಾಡಿಸ್ತಾ ಇದ್ರು. ಥೇಟ್ ನಮ್ಮ ಮಕ್ಕಳ ಥರ. ಅವರ ಮುಖ ನೋಡಿದ ತಕ್ಷಣ ನನ್ನ ಮೈ ಪಾಠ ಮಾಡೋಕೆ ಶುರು ಮಾಡ್ತು."

"ಹಾಗಾದ್ರೆ ಅವರನ್ನ ನೋಡ್ಬೇಡ" ಎಂದರು ಅತ್ತೆ.

"ನೋಡ್ದೆ ಹೇಗಿರೋದು ಅತ್ತೆ? ನಮಸ್ಕಾರ ಮಾಡ್ಬೇಕಲ್ಲ."

"ನಮಸ್ಕಾರ ಅವರಿಗೆ ಮಾಡು. ಕಿವಿ ಎಡಗಡೆ ಇಡು. ನಾನು ಅಡಿಗೆ ಮಾಡೋವಾಗ ನಿನ್ನ ಮುಖಾನೇ ನೋಡ್ತಾ ಮಾತಾಡ್ತೀನಿ, ಹಾಲು ಉಕ್ಕಿದ್ದು ಗೊತ್ತಾಗಲ್ವಾ?"

ಬೆಲ್ಟಕ್ಕ ಕೈಗಳನ್ನು ತೊಡೆಯ ಮೇಲೆ ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದರು.

ಎರಡನೆಯ ಸಲ ಕರೆದಾಗ ಅವರು ಮೆಲ್ಲನೆ ನಡೆದು ಬಂದರು. ಪರೀಕ್ಷಕರಿಗೆ ನಮಸ್ಕರಿಸಿದರು. ಕಣ್ಣು ಅವರ ಮೇಲೇ ಇತ್ತು, ಆದರೆ ತಲೆ ತುಸುವೇ ವಾಲಿತ್ತು, ಪಕ್ಕದ ಕೋಣೆಯ ಸದ್ದಿಗೆ ಕಿವಿಗೊಟ್ಟವರಂತೆ. ಪೆನ್ನು ಕಚ್ಚುತ್ತಿದ್ದವನು ಪೆನ್ನು ಕೆಳಗಿಟ್ಟ. ಬೆಲ್ಟಕ್ಕ ಎಡಕ್ಕೆ ತಿರುಗಿದರು.

ಎಲ್ಲವೂ ಚೆನ್ನಾಗಿ ಆಯಿತು ಎಂದೇನಿಲ್ಲ. ನಡುವೆ ನುಣ್ಣನೆಯ ನೆಲದಲ್ಲಿ ಕಾಲು ಜಾರಿ ಒಂದು ತಿರುವು ಸಡಿಲವಾಯಿತು. ಕೊನೆಗೆ ನಿಂತದ್ದು ಹೊರಟ ಜಾಗದಿಂದ ಒಂದು ಅಂಗೈ ಆಚೆ. ಬೆಳಗಿನ ಉಲ್ಟಾ ಕಟಾವೇ ಇದಕ್ಕಿಂತ ಚೆಂದವಿತ್ತು. ಹಿರಿಯ ಪರೀಕ್ಷಕರು ಬಹಳ ಹೊತ್ತು ಬರೆದರು. ಆಮೇಲೆ ತಲೆಯೆತ್ತದೆ, "ಪಾಸು. ನೆಲ ನೋಡ್ಕೊಂಡು ಹೆಜ್ಜೆ ಇಡಿ" ಎಂದರು. ಬೆಲ್ಟಕ್ಕನಿಗೆ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಸೋಮವಾರ ಸಂಜೆ ತರಗತಿಯಲ್ಲಿ ಅವರು ಎಂದಿನಂತೆ ಮಕ್ಕಳಿಗೆ ಎದುರಾಗಿ ನಿಂತು ಶುರು ಮಾಡಿದರು. ದೇಹ ಎಡಕ್ಕೆ ತಿರುಗಿತು. ನೋಡಿ ಮಾಡುತ್ತಿದ್ದ ಅರ್ಧ ಮಕ್ಕಳು ಬಲಕ್ಕೆ ಹೋದವು, ಬಾಯಿಪಾಠವಾಗಿದ್ದ ಇನ್ನರ್ಧ ಎಡಕ್ಕೆ ಹೋದವು. ಗುಂಡ ಇಬ್ಬರಿಗೆ ಡಿಕ್ಕಿ ಹೊಡೆದು, "ಅಕ್ಕಾ, ಈ ಸಲ ನಾನಲ್ಲ" ಎಂದ.

ಬೆಲ್ಟಕ್ಕನ ಮುಖದಲ್ಲಿ ಹಳೆಯ ದಿಗಿಲು ಮತ್ತೆ ಕಂಡಿತು. ಮಕ್ಕಳಿಗಾಗಿ ಬಲಕ್ಕೆ ತಿರುಗಿದರೆ ಗಳಿಸಿದ್ದು ಹೋಗುತ್ತದೆ. ಎಡಕ್ಕೆ ತಿರುಗಿದರೆ ಮಕ್ಕಳು ಹಾಳಾಗುತ್ತವೆ. ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ತಮ್ಮ ಜಾಗ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದರು. "ಇವತ್ತು ನಾನು ಮಾಡಿ ತೋರ್ಸಲ್ಲ. ಒಬ್ಬೊಬ್ರೂ ಒಂದೊಂದು ಗೋಡೆ ಕಡೆ ಮುಖ ಮಾಡಿ. ಹೊಡೆಯೋಕೆ ಯಾರೋ ಬರ್ತಿದಾರೆ. ಬಂದ್ಮೇಲೆ ತಿರುಗಿ, ಅದಕ್ಕೆ ಮುಂಚೆ ಬೇಡ."

ಮಕ್ಕಳು ಒಂದೊಂದು ಕಡೆಗೆ ನಿಂತವು. ಅವು ಒಂದೇ ಸಲಕ್ಕೆ ತಿರುಗಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಹೊತ್ತು. ಬೆಲ್ಟಕ್ಕ ನಡುವೆ ಓಡಾಡುತ್ತ, "ಯಾರು ಬಂದ್ರು? ಎಷ್ಟೆತ್ತರ?" ಎಂದು ಕೇಳುತ್ತ ಹೋದರು. ಒಬ್ಬನಿಗೆ ಪಕ್ಕದ ಮನೆಯ ನಾಯಿ ಬಂದಿತ್ತು. ಗುಂಡನಿಗೆ ಗಣಿತದ ಟೀಚರ್ ಬಂದಿದ್ದರು. ತುಟಿ ಒಡೆದಿದ್ದ ಹುಡುಗಿ ಮಾತ್ರ ಇನ್ನೂ ಕಿಟಕಿಗೆ ಮುಖ ಮಾಡಿ ಸುಮ್ಮನೆ ನಿಂತಿದ್ದಳು.

"ಅಕ್ಕಾ, ನನಗೆ ಯಾರೂ ಬರ್ತಾನೇ ಇಲ್ಲ" ಎಂದಳು.

"ಕಾಯ್ತಾ ಇರು" ಎಂದರು ಬೆಲ್ಟಕ್ಕ. ಅವಳ ಪಕ್ಕದಲ್ಲಿ ತಾವೂ ನಿಂತುಕೊಂಡರು.